ಕೇಬಲ್ ಕೆಟ್ಟಿರಲಿಲ್ಲ

ದೂರದರ್ಶನದ ಕಾಲ ನೋಡಿದವರಿಗೆ ಒಂದು ಫಲಕ ಮರೆಯೋಕೆ ಸಾಧ್ಯವೇ ಇಲ್ಲ. ಭಾನುವಾರದ ಸಿನಿಮಾ ಕ್ಲೈಮ್ಯಾಕ್ಸ್‌ಗೆ ಬಂದಿರುತ್ತೆ, ಇಲ್ಲಾ ಕ್ರಿಕೆಟ್‌ನಲ್ಲಿ ಕೊನೆಯ ಓವರ್ ನಡೀತಿರುತ್ತೆ. ತಟ್ಟನೆ ಪರದೆ ಮೇಲೆ ‘ರುಕಾವಟ್ ಕೆ ಲಿಯೇ ಖೇದ್ ಹೈ’ ಅಂತ ಬಂದುಬಿಡೋದು. ಅಡಚಣೆಗಾಗಿ ಕ್ಷಮಿಸಿ. ಮನೆಮಂದಿಯೆಲ್ಲ ಹಣೆ ಚಚ್ಚಿಕೊಳ್ಳೋರು. ಒಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸೋರು, ಇನ್ನೊಬ್ಬರು ಕೆಳಗಿಂದ ‘ಬಂತು, ಬಂತು, ಹೋಯ್ತು’ ಅಂತ ಕೂಗೋರು. ಅದು ನಿಜವಾಗ್ಲೂ ಅಡಚಣೆನಾ, ಯಾರಾದ್ರೂ ಬೇಕಂತಲೇ ಹಾಕಿದ್ದಾ ಅಂತ ಕೇಳಬೇಕು ಅನ್ನೋದು ಯಾರಿಗೂ ಹೊಳೀತಿರಲಿಲ್ಲ.

ಅಂಥದ್ದೇ ಒಂದು ಫಲಕದಿಂದ ಶುರುವಾಗಿ, ಸುಪ್ರೀಂ ಕೋರ್ಟ್‌ಗೆ ಹೊರಟಿದ್ದ ನ್ಯಾಯಮೂರ್ತಿಯೊಬ್ಬರ ಮೇಜಿನವರೆಗೆ ಹೋಗಿ, ಒಂದು ಟಿವಿ ಕೇಂದ್ರದ ಲೈಸೆನ್ಸನ್ನೇ ಕಿತ್ತುಕೊಂಡ ಕಥೆ ಇದು. ಕಥೆ ನಡೆದದ್ದು ಅಮೆರಿಕದಲ್ಲಿ. ಆದರೆ ರಿಮೋಟ್ ಕೈಯಲ್ಲಿ ಹಿಡಿದು ಕೂತಿರುವ ಪ್ರತಿಯೊಬ್ಬರಿಗೂ ಇದರಲ್ಲಿ ಪಾಲಿದೆ.

ಅಮೆರಿಕದ ದಕ್ಷಿಣದಲ್ಲಿ ಮಿಸಿಸಿಪಿ ಅಂತ ಒಂದು ರಾಜ್ಯ. ಅದರ ರಾಜಧಾನಿ ಜಾಕ್ಸನ್. ದೊಡ್ಡ ಊರೇನಲ್ಲ, 1960ರಲ್ಲಿ ಅಲ್ಲಿದ್ದದ್ದು ಸುಮಾರು 1 ಲಕ್ಷ 44 ಸಾವಿರ ಜನ. ಆ ಊರಿನ ಮೂರನೇ ನಂಬರ್ ಚಾನೆಲ್‌ನ ಹೆಸರು ಡಬ್ಲ್ಯುಎಲ್‌ಬಿಟಿ. 1955ರಲ್ಲಿ ಒಂದು ದಿನ ಅದರಲ್ಲಿ ನ್ಯೂಯಾರ್ಕ್‌ನಿಂದ ಬರುತ್ತಿದ್ದ ಎನ್‌ಬಿಸಿ ನೆಟ್‌ವರ್ಕ್‌ನ ಕಾರ್ಯಕ್ರಮವೊಂದು ಪ್ರಸಾರವಾಗ್ತಿತ್ತು. ವಿಷಯ, ಬಿಳಿಯರು ಮತ್ತು ಕಪ್ಪು ವರ್ಣೀಯರ ನಡುವಿನ ಸಂಬಂಧ. ಪರದೆ ಮೇಲೆ ಬಂದವರು ಥರ್ಗುಡ್ ಮಾರ್ಷಲ್. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಕೂರಿಸೋದು ಸಂವಿಧಾನಕ್ಕೆ ವಿರುದ್ಧ ಅಂತ ಹಿಂದಿನ ವರ್ಷವಷ್ಟೇ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದಿದ್ದ ವಕೀಲರು. ಮುಂದೆ 1967ರಲ್ಲಿ ಅದೇ ಕೋರ್ಟಿನ ಮೊದಲ ಕಪ್ಪು ವರ್ಣೀಯ ನ್ಯಾಯಮೂರ್ತಿ ಆದವರು.

ಅವರು ಕಾಣಿಸಿಕೊಂಡರೋ ಇಲ್ಲವೋ, ಜಾಕ್ಸನ್‌ನ ಮನೆಗಳಲ್ಲಿ ಚಿತ್ರ ಹೋಯ್ತು. ಅದರ ಜಾಗದಲ್ಲಿ ಒಂದು ಫಲಕ ಬಂತು. ‘ಕ್ಷಮಿಸಿ, ಕೇಬಲ್ ತೊಂದರೆ.’

ಕೇಬಲ್‌ಗೆ ಏನೂ ಆಗಿರಲಿಲ್ಲ. ಬೇಕಂತಲೇ ಕತ್ತರಿಸಿದ್ದಾರೆ ಅಂತ ಕೇಂದ್ರ ಸರ್ಕಾರದ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿಗೆ ದೂರು ಹೋಯ್ತು. ಅದು ಕಡತ ಸೇರಿ ತಣ್ಣಗೆ ಮಲಗಿತು.

ಈಗ ಒಂದು ನಿಮಿಷ ಅಲ್ಲಿನ ವ್ಯವಸ್ಥೆ ಅರ್ಥ ಮಾಡ್ಕೊಳ್ಳೋಣ, ಇಲ್ಲದಿದ್ರೆ ಮುಂದಿನದು ತಲೆಗೆ ಹತ್ತೋದಿಲ್ಲ. ನಮ್ಮಲ್ಲಿ ಚಾನೆಲ್ ಅಂದ್ರೆ ಬೆಂಗಳೂರಿಂದ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಬೀದರ್‌ಗೂ ಚಾಮರಾಜನಗರಕ್ಕೂ ಒಂದೇ ಚಿತ್ರ ಇಳಿಯುತ್ತೆ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಎನ್‌ಬಿಸಿ, ಸಿಬಿಎಸ್, ಎಬಿಸಿ ಅನ್ನೋವು ನೆಟ್‌ವರ್ಕ್‌ಗಳು. ಕಾರ್ಯಕ್ರಮ ತಯಾರು ಮಾಡಿ ಕಳಿಸ್ತವೆ. ಅದನ್ನು ಜನರ ಮನೆಗೆ ಮುಟ್ಟಿಸೋದು ಆಯಾ ಊರಿನ ಟಿವಿ ಕೇಂದ್ರ. ನಮ್ಮ ಸಿನಿಮಾ ಲೆಕ್ಕದಲ್ಲಿ ಹೇಳೋದಾದ್ರೆ ನೆಟ್‌ವರ್ಕ್ ಅಂದ್ರೆ ಗಾಂಧಿನಗರ, ಕೇಂದ್ರ ಅಂದ್ರೆ ಊರಿನ ಟಾಕೀಸು. ಪೋಸ್ಟರ್ ಮೇಲೆ ಹೀರೋ ಯಾರೇ ಇರಲಿ, ರೀಲು ಓಡಿಸೋದು, ನಿಲ್ಲಿಸೋದು ಟಾಕೀಸಿನ ಮಾಲೀಕರ ಕೈಲಿ.

ಆದರೆ ಟಾಕೀಸಿಗೂ ಟಿವಿ ಕೇಂದ್ರಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ದುಡ್ಡಿದ್ರೆ ಒಂದೇ ಬೀದಿಯಲ್ಲಿ ಹತ್ತು ಟಾಕೀಸು ಕಟ್ಟಬಹುದು. ಟಿವಿ ಕೇಂದ್ರ ಹಾಗಲ್ಲ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಸ್ವಲ್ಪ ಲೆಕ್ಕ ಹೇಳ್ತೀನಿ, ಸಹಿಸಿಕೊಳ್ಳಿ. ಅಮೆರಿಕದ ಮೂರನೇ ಚಾನೆಲ್ ಅಂದ್ರೆ 60ರಿಂದ 66 ಮೆಗಾಹರ್ಟ್ಸ್‌ವರೆಗಿನ ತರಂಗಗಳು. ಆರು ಮೆಗಾಹರ್ಟ್ಸ್ ಅಗಲದ ಒಂದು ಓಣಿ ಅಂದ್ಕೊಳ್ಳಿ. ಒಂದು ಊರಲ್ಲಿ ಆ ಓಣಿಯಲ್ಲಿ ಒಬ್ಬರು ಓಡಾಡಬಹುದು. ಇನ್ನೊಬ್ಬರು ನುಗ್ಗಿದರೆ ಇಬ್ಬರ ಚಿತ್ರವೂ ಕಲಸಿಹೋಗುತ್ತೆ. ಅದಕ್ಕೇ ಸರ್ಕಾರ ಒಬ್ಬರಿಗೆ ಮಾತ್ರ ಲೈಸೆನ್ಸ್ ಕೊಡುತ್ತೆ. ಆ ಕಾಲದಲ್ಲಿ ಲೈಸೆನ್ಸ್ ಅವಧಿ ಮೂರು ವರ್ಷ. ಮುಗಿದ ಮೇಲೆ ನವೀಕರಿಸಬೇಕು. ನವೀಕರಣ ಅಂದ್ರೆ ಹೆಚ್ಚಾಗಿ ಅರ್ಜಿ ತುಂಬಿ ಠಸ್ಸೆ ಹಾಕಿಸಿಕೊಳ್ಳೋ ಕೆಲಸ.

ಡಬ್ಲ್ಯುಎಲ್‌ಬಿಟಿಯ ಲೈಸೆನ್ಸ್ ಪಡೆದದ್ದು ಲಾಮರ್ ಲೈಫ್ ಅನ್ನೋ ಜಾಕ್ಸನ್‌ನ ಜೀವ ವಿಮಾ ಕಂಪನಿ. ಅವರ ಬಳಿ ಮೊದಲೇ ಒಂದು ರೇಡಿಯೋ ಕೇಂದ್ರ ಇತ್ತು, ಅದೂ ಎನ್‌ಬಿಸಿಯದ್ದೇ ನಂಟು. 1953ರ ಡಿಸೆಂಬರ್ 28ರಂದು ಟಿವಿ ಪ್ರಸಾರ ಶುರುವಾದಾಗ ಎನ್‌ಬಿಸಿ ಸಹಜವಾಗಿ ಇಲ್ಲಿಗೂ ಬಂತು. ಎಬಿಸಿಗೆ ಆ ಊರಲ್ಲಿ ಸ್ವಂತ ಕೇಂದ್ರ ಬಂದದ್ದು 1970ರಲ್ಲಿ. ಅಂದ್ರೆ ದಶಕಕ್ಕೂ ಹೆಚ್ಚು ಕಾಲ ಜಾಕ್ಸನ್‌ನ ಜನರಿಗೆ ಪ್ರಪಂಚ ಕಾಣ್ತಿದ್ದದ್ದು ಬೆರಳೆಣಿಕೆಯ ಕಿಟಕಿಗಳಿಂದ. ಅದರಲ್ಲೊಂದು ಕಿಟಕಿಯ ಬಾಗಿಲು ವಿಮಾ ಕಂಪನಿಯ ಕೈಯಲ್ಲಿತ್ತು.

ಕೇಂದ್ರದ ಪ್ರಸಾರ ಮುಟ್ಟುತ್ತಿದ್ದ ಪ್ರದೇಶದ ಜನರಲ್ಲಿ ಹೆಚ್ಚುಕಡಿಮೆ 45 ಶೇಕಡಾ ಕಪ್ಪು ವರ್ಣೀಯರು. ಆದರೆ ಪರದೆ ಮೇಲೆ ಅವರು ಇರಲೇ ಇಲ್ಲ. ಇದ್ದರೂ ಅಪರಾಧದ ಸುದ್ದಿಯಲ್ಲಿ ಇರುತ್ತಿದ್ದರು. ಕೇಂದ್ರದ ಮ್ಯಾನೇಜರ್ ಫ್ರೆಡ್ ಬಿಯರ್ಡ್ ‘ಸಿಟಿಜನ್ಸ್ ಕೌನ್ಸಿಲ್’ನ ಸದಸ್ಯರು. ಬಿಳಿಯರು ಮತ್ತು ಕಪ್ಪು ವರ್ಣೀಯರು ಬೇರೆಬೇರೆಯಾಗೇ ಇರಬೇಕು ಅಂತ ಹೋರಾಡುತ್ತಿದ್ದ ಬಿಳಿಯರ ಸಂಘಟನೆ ಅದು. ಆ ಕೌನ್ಸಿಲ್‌ನ ವಾದಕ್ಕೆ ಕೇಂದ್ರದಲ್ಲಿ ಜಾಗ ಸಿಗ್ತಿತ್ತು. ಎದುರು ವಾದಕ್ಕೆ ಸಿಗ್ತಿರಲಿಲ್ಲ. 1957ರಲ್ಲಿ ಶಾಲಾ ಪ್ರವೇಶದ ಗಲಾಟೆ ಬಗ್ಗೆ ಒಂದು ಚರ್ಚೆ ಪ್ರಸಾರವಾಯ್ತು. ಅದರಲ್ಲಿ ಮಾತಾಡಿದವರೆಲ್ಲ ಒಂದೇ ಪಕ್ಷದವರು, ಪ್ರತ್ಯೇಕತೆಯ ಪರ ಇದ್ದವರು. ನಮಗೂ ಸಮಯ ಕೊಡಿ ಅಂತ ಕಪ್ಪು ವರ್ಣೀಯರ ಸಂಘಟನೆ ಎನ್‌ಎಎಸಿಪಿ ಕೇಳಿತು. ಇಲ್ಲ ಅಂದರು.

ಇನ್ನೊಂದು ದೂರು ಇತ್ತು. ಕೇಳೋಕೆ ಚಿಕ್ಕದು. ಬಿಳಿಯರ ಹೆಸರು ಹೇಳುವಾಗ ‘ಮಿಸ್ಟರ್’, ‘ಮಿಸೆಸ್’ ಅಂತ ಸೇರಿಸ್ತಿದ್ದ ಈ ಕೇಂದ್ರ, ಕಪ್ಪು ವರ್ಣೀಯರಿಗೆ ಆ ಮರ್ಯಾದೆ ಕೊಡ್ತಿರಲಿಲ್ಲ. ಬೇರೆ ಭಾಷೆಯವರಿಗೆ ಇದು ಏನು ಮಹಾ ಅನ್ನಿಸಬಹುದು. ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಏಕವಚನ, ಬಹುವಚನದ ನಡುವೆ ಎಷ್ಟು ದೊಡ್ಡ ಗೋಡೆ ಇದೆ ಅಂತ ನಮಗೆ ಗೊತ್ತು. ಗೌಡರಿಗೆ ‘ಬನ್ನಿ’, ಜೀತದವನಿಗೆ ‘ಬಾರೋ’. ದಿನವೂ ಸಂಜೆ ನಿಮ್ಮ ಮನೆಯ ನಡುಮನೆಯಲ್ಲಿ ಕೂತ ಪೆಟ್ಟಿಗೆ ನಿಮ್ಮ ಅಪ್ಪನನ್ನು ‘ಬಾರೋ’ ಅಂತ ಕರೆದರೆ ಹೇಗಿರುತ್ತೆ? ಆ ಪೆಟ್ಟಿಗೆಯನ್ನು ಆ ಅಪ್ಪನೇ ದುಡ್ಡು ಕೊಟ್ಟು ತಂದಿರೋದು.

1962ರಲ್ಲಿ ಜಾಕ್ಸನ್‌ನ ಪಾದ್ರಿ, ಕಿರಾಣಿ ಅಂಗಡಿಯ ಮಾಲೀಕ ಆರ್.ಎಲ್.ಟಿ. ಸ್ಮಿತ್ ಸಂಸತ್ತಿನ ಚುನಾವಣೆಗೆ ನಿಂತರು. ಪ್ರಚಾರಕ್ಕೆ ದುಡ್ಡು ಕೊಟ್ಟೇ ಸಮಯ ಖರೀದಿಸ್ತೀನಿ ಅಂದರು. ಮೊದಲು ಅದಕ್ಕೂ ಇಲ್ಲ ಅಂದಿತು ಕೇಂದ್ರ. ಅದೇ ವರ್ಷ ಜೇಮ್ಸ್ ಮೆರಿಡಿತ್ ಅನ್ನೋ ಕಪ್ಪು ವರ್ಣೀಯ ಯುವಕ ಮಿಸಿಸಿಪಿ ವಿಶ್ವವಿದ್ಯಾಲಯ ಸೇರಲು ಹೊರಟಾಗ ರಾಜ್ಯ ಹೊತ್ತಿ ಉರಿಯಿತು, ಗಲಭೆಯಲ್ಲಿ ಇಬ್ಬರು ಸತ್ತರು. ಆ ದಿನಗಳಲ್ಲಿ ಕೇಂದ್ರ ಸಂಪಾದಕೀಯ ಬಿತ್ತರಿಸಿ ಒಂದು ಕಡೆಯ ಪರ ನಿಂತಿತು ಅನ್ನೋ ದೂರೂ ಎಫ್‌ಸಿಸಿ ಕಡತ ಸೇರಿತು.

ಆಮೇಲೆ ಬಂತು 1963ರ ಮೇ 20. ಜಾಕ್ಸನ್‌ನಲ್ಲಿ ಕಪ್ಪು ವರ್ಣೀಯರ ಹೋರಾಟ ಜೋರಾಗಿತ್ತು. ಮೇಯರ್ ಟಿವಿಯಲ್ಲಿ ಬಂದು ನಮ್ಮ ಊರಲ್ಲಿ ಎಲ್ಲ ಚೆನ್ನಾಗಿದೆ, ಹೊರಗಿನವರು ಬಂದು ಕೆಡಿಸ್ತಿದ್ದಾರೆ ಅನ್ನೋ ಧಾಟಿಯಲ್ಲಿ ಮಾತಾಡಿದ್ದರು. ಉತ್ತರ ಕೊಡೋಕೆ ಅವಕಾಶ ಕೊಡಲೇಬೇಕು ಅಂತ ಎನ್‌ಎಎಸಿಪಿ ಪಟ್ಟು ಹಿಡಿಯಿತು. ಎಫ್‌ಸಿಸಿಯ ಭಯ ಬೇರೆ ಇತ್ತು. ಕೊನೆಗೂ ಕೇಂದ್ರ ಮಣಿಯಿತು. ಎನ್‌ಎಎಸಿಪಿಯ ಮಿಸಿಸಿಪಿ ಕಾರ್ಯದರ್ಶಿ ಮೆಡ್ಗರ್ ಎವರ್ಸ್ ಕ್ಯಾಮೆರಾ ಮುಂದೆ ಕೂತು 17 ನಿಮಿಷ ಮಾತಾಡಿದರು. ನಾನು ಇದೇ ರಾಜ್ಯದಲ್ಲಿ ಹುಟ್ಟಿದವನು, ಎರಡನೇ ಮಹಾಯುದ್ಧದಲ್ಲಿ ಈ ದೇಶದ ಸೈನಿಕನಾಗಿ ಹೋಗಿ ಬಂದವನು, ಹೊರಗಿನವನಲ್ಲ ಅನ್ನೋದು ಅವರ ಮಾತಿನ ತಿರುಳು.

ಮಿಸಿಸಿಪಿಯ ಎಷ್ಟೋ ಬಿಳಿಯರು ತಮ್ಮ ಮನೆಯ ಟಿವಿಯಲ್ಲಿ ತಮ್ಮದೇ ಊರಿನ ಕಪ್ಪು ನಾಗರಿಕರೊಬ್ಬರು ಸಮಾನರಂತೆ ಕೂತು ಮಾತಾಡೋದನ್ನು ಕಂಡದ್ದು ಅದೇ ಮೊದಲು. ಎಷ್ಟೋ ಕಪ್ಪು ವರ್ಣೀಯರಿಗೂ ಅದು ಮೊದಲೇ. ಎವರ್ಸ್ ಅವರ ಮುಖ ಈಗ ಎಲ್ಲರಿಗೂ ಪರಿಚಯವಾಗಿತ್ತು. ಮೂರು ವಾರ ಕಳೆದು, ಜೂನ್ 12ರ ನಡುರಾತ್ರಿ ದಾಟಿದ ಹೊತ್ತು, ಮನೆ ಮುಂದೆ ಕಾರಿಂದ ಇಳಿಯುತ್ತಿದ್ದ ಅವರ ಬೆನ್ನಿಗೆ ಕತ್ತಲೆಯಿಂದ ಗುಂಡು ಹಾರಿತು. ಒಳಗೆ ಹೆಂಡತಿ, ಮಕ್ಕಳು ಅವರಿಗಾಗಿ ಕಾಯ್ತಿದ್ದರು. ಕೊಂದವನಿಗೆ ಶಿಕ್ಷೆ ಆದದ್ದು 1994ರಲ್ಲಿ. ಲೆಕ್ಕ ಹಾಕಿ, 31 ವರ್ಷ.

ಟಿವಿಯಲ್ಲಿ 17 ನಿಮಿಷ ಅಂದ್ರೆ ಇವತ್ತು ನಮಗೆ ಎರಡು ಜಾಹೀರಾತು ಬ್ರೇಕಿನ ನಡುವಿನ ಸಮಯ. ಅಲ್ಲಿ ಅದಕ್ಕೆ ಆರು ವರ್ಷ ಕಾಯಬೇಕಾಯ್ತು.

ಇಲ್ಲಿಂದ ಕಥೆ ಕೋರ್ಟ್ ಕಡೆ ತಿರುಗುತ್ತೆ. ಎವೆರೆಟ್ ಪಾರ್ಕರ್ ಅಂತ ಒಬ್ಬರು. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಅನ್ನೋ ಚರ್ಚ್‌ನ ಸಂವಹನ ವಿಭಾಗದ ಮುಖ್ಯಸ್ಥರು, ನ್ಯೂಯಾರ್ಕ್‌ನಲ್ಲಿ ಕಚೇರಿ. ದಕ್ಷಿಣದ ಟಿವಿ ಕೇಂದ್ರಗಳು ಹೀಗೆ ಮಾಡ್ತಿವೆ ಅಂತ ಅವರಿಗೆ ಗೊತ್ತಿತ್ತು. ಆದರೆ ಗೊತ್ತಿರೋದು ಬೇರೆ, ಸಾಬೀತು ಮಾಡೋದು ಬೇರೆ. ಟಿವಿಯಲ್ಲಿ ಬಂದದ್ದು ಗಾಳಿಗೆ ಹೋಯ್ತು. ಆ ಕಾಲದಲ್ಲಿ ಯೂಟ್ಯೂಬ್ ಇಲ್ಲ, ಮನೆಯಲ್ಲಿ ರೆಕಾರ್ಡರ್ ಇಲ್ಲ. ನಾಳೆ ಕೋರ್ಟ್‌ನಲ್ಲಿ ‘ನಾವು ಹಾಗೆ ಮಾಡೇ ಇಲ್ಲ’ ಅಂದರೆ ಏನು ತೋರಿಸೋದು?

ಪಾರ್ಕರ್ ಕಂಡುಕೊಂಡ ದಾರಿ ಬಹಳ ಸರಳ. ನೋಡೋದು, ಬರೆದುಕೊಳ್ಳೋದು. 1964ರ ಮಾರ್ಚ್ 1ರಿಂದ 7ರವರೆಗೆ, ಒಂದು ವಾರ, ಜಾಕ್ಸನ್‌ನಲ್ಲಿ ಒಂದಷ್ಟು ಸ್ವಯಂಸೇವಕರು ಬೆಳಗ್ಗೆ ಪ್ರಸಾರ ಶುರುವಾದಾಗಿಂದ ರಾತ್ರಿ ಮುಗಿಯೋವರೆಗೆ ಪಾಳಿ ಹಾಕಿಕೊಂಡು ಟಿವಿ ಮುಂದೆ ಕೂತರು. ಯಾವ ಕಾರ್ಯಕ್ರಮ ಎಷ್ಟು ನಿಮಿಷ, ಅದರಲ್ಲಿ ಕಪ್ಪು ವರ್ಣೀಯರು ಇದ್ದರಾ, ಇದ್ದರೆ ಏನಾಗಿ, ಅವರನ್ನು ಹೇಗೆ ಕರೆದರು, ಜನಾಂಗದ ವಿಷಯ ಬಂದರೆ ಎರಡೂ ಕಡೆ ಇತ್ತಾ ಅಂತ ಎಲ್ಲವನ್ನೂ ದಾಖಲಿಸಿದರು. ಸ್ವಯಂಸೇವಕರು ಅದೇ ಊರಿನ ಬಿಳಿಯರು. ಅವರ ಹೆಸರು ಹೊರಗೆ ಬಿಡಲಿಲ್ಲ. ಯಾಕೆ ಅಂತ ಕೇಳಬೇಕಾಗಿಲ್ಲ. ಎವರ್ಸ್ ಹತ್ಯೆಯಾಗಿ ಇನ್ನೂ ಒಂಬತ್ತು ತಿಂಗಳೂ ಆಗಿರಲಿಲ್ಲ.

ಆ ದಾಖಲೆ ಹಿಡಿದು ಏಪ್ರಿಲ್‌ನಲ್ಲಿ ಎಫ್‌ಸಿಸಿಗೆ ಅರ್ಜಿ ಹೋಯ್ತು. ಈ ಕೇಂದ್ರದ ಲೈಸೆನ್ಸ್ ನವೀಕರಿಸಬೇಡಿ ಅಂತ. ಅರ್ಜಿದಾರರು ಪಾರ್ಕರ್ ಅವರ ಚರ್ಚ್ ವಿಭಾಗ, ಜೊತೆಗೆ ಇಬ್ಬರು ಸ್ಥಳೀಯರು. ಒಬ್ಬರು ಆಗಲೇ ಹೇಳಿದ ಪಾದ್ರಿ ಸ್ಮಿತ್. ಇನ್ನೊಬ್ಬರು ಏರನ್ ಹೆನ್ರಿ, ಕ್ಲಾರ್ಕ್ಸ್‌ಡೇಲ್ ಅನ್ನೋ ಊರಲ್ಲಿ ಔಷಧ ಅಂಗಡಿ ಇಟ್ಟುಕೊಂಡಿದ್ದ, ಎನ್‌ಎಎಸಿಪಿಯ ರಾಜ್ಯಾಧ್ಯಕ್ಷರು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

1965ರಲ್ಲಿ ಎಫ್‌ಸಿಸಿ ಕೊಟ್ಟ ಉತ್ತರ ಏನು ಗೊತ್ತಾ? ನೀವು ಯಾರು ಕೇಳೋಕೆ?

ವ್ಯಂಗ್ಯವಾಗಿ ಹೇಳ್ತಿಲ್ಲ, ಕಾನೂನಿನ ಭಾಷೆಯಲ್ಲಿ ಅದರ ಅರ್ಥವೇ ಅದು. ಲೈಸೆನ್ಸ್ ವಿಚಾರದಲ್ಲಿ ತಕರಾರು ತೆಗೆಯೋ ಹಕ್ಕು ಅಲ್ಲಿಯವರೆಗೆ ಇದ್ದದ್ದು ಎರಡು ಥರದವರಿಗೆ. ಒಂದು, ಆ ಲೈಸೆನ್ಸ್‌ನಿಂದ ವ್ಯಾಪಾರದಲ್ಲಿ ನಷ್ಟ ಆಗೋ ಪ್ರತಿಸ್ಪರ್ಧಿ. ಎರಡು, ತನ್ನ ತರಂಗಕ್ಕೆ ಆ ಕೇಂದ್ರದಿಂದ ವಿದ್ಯುತ್ ಅಡಚಣೆ ಆಗ್ತಿದೆ ಅನ್ನೋ ಇನ್ನೊಂದು ಕೇಂದ್ರ. ಎಂಜಿನಿಯರಿಂಗ್ ಕಲಿತವರಿಗೆ ಈ ಎರಡನೆಯದು ಚೆನ್ನಾಗಿ ಅರ್ಥವಾಗುತ್ತೆ. ಸಿಗ್ನಲ್‌ಗೆ ಸಿಗ್ನಲ್ ಅಡ್ಡ ಬಂದರೆ ಅಳೆಯಬಹುದು, ಮೀಟರ್ ಇದೆ. ಆದರೆ ಸಿಗ್ನಲ್ ಹೋಗಿ ಮುಟ್ಟೋ ಮನುಷ್ಯರಿಗೆ ಅಡಚಣೆ ಆದರೆ? ಅದಕ್ಕೆ ಕಾನೂನಿನಲ್ಲಿ ಮೀಟರೇ ಇರಲಿಲ್ಲ. ಯಾರಿಗಾಗಿ ಇಡೀ ಪ್ರಸಾರ ನಡೆಯುತ್ತೋ ಆ ವೀಕ್ಷಕ ಲೆಕ್ಕಕ್ಕೇ ಇಲ್ಲ.

ಹಾಗಂತ ಎಫ್‌ಸಿಸಿ ದೂರುಗಳನ್ನು ಸುಳ್ಳು ಅಂತಲೂ ಹೇಳಲಿಲ್ಲ. ವಿಷಯ ಗಂಭೀರ ಅಂತ ಒಪ್ಪಿಕೊಂಡು, ವಿಚಾರಣೆ ನಡೆಸದೆ, ಷರತ್ತು ಹಾಕಿ ಒಂದು ವರ್ಷಕ್ಕೆ ಲೈಸೆನ್ಸ್ ಮುಂದುವರಿಸಿತು. ಸುಧಾರಿಸಿಕೊಳ್ಳಿ ಅಂತ. ಅಧ್ಯಕ್ಷರೂ ಸೇರಿದಂತೆ ಇಬ್ಬರು ಸದಸ್ಯರು ಇದನ್ನು ಒಪ್ಪಲಿಲ್ಲ, ಆದರೆ ಬಹುಮತ ಇನ್ನೊಂದು ಕಡೆ ಇತ್ತು.

ಪಾರ್ಕರ್ ಮೇಲ್ಮನವಿ ಹೋದರು. 1966ರ ಮಾರ್ಚ್ 25ರಂದು ವಾಷಿಂಗ್ಟನ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯದ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ವಾರೆನ್ ಬರ್ಗರ್. ಕ್ರಾಂತಿಕಾರಿ ಅಂತ ಹೆಸರಾದವರಲ್ಲ, ಸಂಪ್ರದಾಯವಾದಿ ಅಂತಲೇ ಗುರುತಿಸಿಕೊಂಡವರು. ಅವರು ಬರೆದ ತೀರ್ಪಿನ ಸಾರ ಹೀಗಿದೆ. ಪತ್ರಿಕೆಯ ಮಾಲೀಕ ತನ್ನ ಮನಸ್ಸಿಗೆ ಬಂದಂತೆ ಪತ್ರಿಕೆ ನಡೆಸಬಹುದು, ಅದು ಅವನ ಆಸ್ತಿ. ಟಿವಿ ಕೇಂದ್ರ ಹಾಗಲ್ಲ. ಸಾರ್ವಜನಿಕರಿಗೆ ಸೇರಿದ, ಪರಿಮಿತವಾದ, ಬೆಲೆಬಾಳುವ ಸ್ವತ್ತನ್ನು ಅದು ಪುಕ್ಕಟೆಯಾಗಿ, ಒಬ್ಬನೇ ಅನುಭವಿಸೋಕೆ ಪಡೆದುಕೊಂಡಿದೆ. ಪಡೆದ ಮೇಲೆ ಸಾರ್ವಜನಿಕರಿಗೆ ಸಲ್ಲಿಸಬೇಕಾದ ಕರ್ತವ್ಯವೂ ಜೊತೆಗೇ ಬರುತ್ತೆ. ಆ ಕರ್ತವ್ಯ ನೆರವೇರಿದೆಯಾ ಅಂತ ಕೇಳೋಕೆ ವೀಕ್ಷಕನಿಗಿಂತ ಹೆಚ್ಚು ಅರ್ಹ ಯಾರು? ಆದ್ದರಿಂದ ವೀಕ್ಷಕರ ಜವಾಬ್ದಾರಿಯುತ ಪ್ರತಿನಿಧಿಗಳಿಗೆ ಲೈಸೆನ್ಸ್ ವಿಚಾರಣೆಯಲ್ಲಿ ಭಾಗವಹಿಸೋ ಹಕ್ಕಿದೆ.

ಟಿವಿ ನೋಡೋರಿಗೆ ಕೋರ್ಟ್ ಬಾಗಿಲು ತೆರೆದದ್ದು ಈ ತೀರ್ಪಿನಿಂದ.

ಬಾಗಿಲು ತೆರೆಯಿತು ಅಂದ ಮಾತ್ರಕ್ಕೆ ಕೆಲಸ ಆಗಿಬಿಡುತ್ತಾ? 1967ರಲ್ಲಿ ಜಾಕ್ಸನ್‌ನಲ್ಲೇ ಎಫ್‌ಸಿಸಿಯ ವಿಚಾರಣೆ ನಡೆಯಿತು. ವಿಚಾರಣಾಧಿಕಾರಿ ಕೇಂದ್ರದ ಪರವಾಗಿ ವರದಿ ಕೊಟ್ಟರು. 1968ರಲ್ಲಿ ಎಫ್‌ಸಿಸಿ ಪೂರ್ತಿ ಮೂರು ವರ್ಷಕ್ಕೆ ಲೈಸೆನ್ಸ್ ನವೀಕರಿಸಿತು. ಬರ್ಗರ್ ಅವರ ಪೀಠದ ಮುಂದೆ ಮತ್ತೆ ಮೇಲ್ಮನವಿ. 1969ರ ಜೂನ್ 20ರಂದು ಎರಡನೇ ತೀರ್ಪು. ಈ ಸಲ ಕೋರ್ಟ್‌ನ ತಾಳ್ಮೆ ಮುಗಿದಿತ್ತು. ಅರ್ಜಿ ಹಾಕಿದ ಜನರನ್ನೇ ಆರೋಪಿಗಳಂತೆ ನಡೆಸಿಕೊಂಡಿದ್ದೀರಿ, ನಿಮ್ಮ ತಟಸ್ಥತೆ ವಿಚಿತ್ರವಾಗಿದೆ, ಅದು ಲೈಸೆನ್ಸ್‌ದಾರನ ಕಡೆಗೇ ವಾಲಿದೆ ಅಂತ ಎಫ್‌ಸಿಸಿಗೆ ಚಾಟಿ ಬೀಸಿತು. ನವೀಕರಣವನ್ನು ರದ್ದು ಮಾಡಿ, ಹೊಸ ಅರ್ಜಿ ಕರೆಯಿರಿ ಅಂತು. ಮೂರು ದಿನದ ನಂತರ, ಜೂನ್ 23ರಂದು, ಬರ್ಗರ್ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

1971ರ ಜೂನ್‌ನಲ್ಲಿ ಲಾಮರ್ ಲೈಫ್ ಹೊರಗೆ ನಡೆಯಿತು. ಕಾಯಂ ಮಾಲೀಕರು ಯಾರು ಅಂತ ತೀರ್ಮಾನ ಆಗೋವರೆಗೆ ಕೇಂದ್ರ ನಡೆಸೋ ಹೊಣೆ ಕಮ್ಯುನಿಕೇಷನ್ಸ್ ಇಂಪ್ರೂವ್‌ಮೆಂಟ್ ಅನ್ನೋ, ಲಾಭದ ಉದ್ದೇಶವಿಲ್ಲದ ಸಂಸ್ಥೆಗೆ ಬಂತು. ಬಿಳಿಯರು, ಕಪ್ಪು ವರ್ಣೀಯರು ಇಬ್ಬರೂ ಇದ್ದ ಮಂಡಳಿ. 1972ರಲ್ಲಿ ಅವರು ಬಾಸ್ಟನ್‌ನ ಟಿವಿ ಕೇಂದ್ರವೊಂದರಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತಿದ್ದ ವಿಲಿಯಂ ಡಿಲ್ಡೇ ಅವರನ್ನು ಜನರಲ್ ಮ್ಯಾನೇಜರ್ ಆಗಿ ಕರೆತಂದರು. ಅಮೆರಿಕದ ನೆಟ್‌ವರ್ಕ್ ನಂಟಿನ ಟಿವಿ ಕೇಂದ್ರವೊಂದಕ್ಕೆ ಕಪ್ಪು ವರ್ಣೀಯರೊಬ್ಬರು ಜನರಲ್ ಮ್ಯಾನೇಜರ್ ಆದದ್ದು ಅದೇ ಮೊದಲು. ಅದೂ ಎಲ್ಲಿ? ಜಾಕ್ಸನ್‌ನಲ್ಲಿ. ಬಿಯರ್ಡ್ ಕೂರುತ್ತಿದ್ದ ಹುದ್ದೆಯಲ್ಲಿ.

ಸುದ್ದಿಮನೆಯಲ್ಲಿ, ಕ್ಯಾಮೆರಾ ಹಿಂದೆ, ಪರದೆ ಮೇಲೆ ಕಪ್ಪು ವರ್ಣೀಯರು, ಹೆಂಗಸರು ಕಾಣಿಸಿಕೊಳ್ಳೋಕೆ ಶುರುವಾದರು. ಬರೀ ಮುಖ ಬದಲಾದದ್ದಲ್ಲ, ಸುದ್ದಿಯೂ ಗಟ್ಟಿಯಾಯ್ತು. 1976ರಲ್ಲಿ ಮಿಸಿಸಿಪಿಯ ಅಧಿಕಾರ ರಾಜಕಾರಣದ ಬಗ್ಗೆ ಮಾಡಿದ ಕಾರ್ಯಕ್ರಮಕ್ಕೆ ಈ ಕೇಂದ್ರಕ್ಕೆ ಪೀಬಾಡಿ ಪ್ರಶಸ್ತಿ ಬಂತು. ಅಮೆರಿಕದ ಪ್ರಸಾರ ಲೋಕದಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಕಡಿಮೆ. ಹತ್ತು ವರ್ಷದ ಹಿಂದೆ ಕೋರ್ಟ್‌ನಲ್ಲಿ ಉಗಿಸಿಕೊಂಡಿದ್ದ ಅದೇ ಮೂರನೇ ನಂಬರ್ ಚಾನೆಲ್.

ಕಾಯಂ ಲೈಸೆನ್ಸ್‌ಗಾಗಿ ಹಲವು ಗುಂಪುಗಳ ನಡುವೆ ಜಗ್ಗಾಟ ವರ್ಷಗಟ್ಟಲೆ ನಡೆಯಿತು. 1979ರ ಕೊನೆಗೆ ಎಫ್‌ಸಿಸಿ ಟಿವಿ-3 ಅನ್ನೋ ಕಂಪನಿಗೆ ಅದನ್ನು ಕೊಟ್ಟಿತು, ಮರುವರ್ಷ ಕೇಂದ್ರ ಅವರ ಕೈಗೆ ಬಂತು. ಕಂಪನಿಯಲ್ಲಿ 51 ಶೇಕಡಾ ಪಾಲು ಕಪ್ಪು ವರ್ಣೀಯರದ್ದು. ಅಧ್ಯಕ್ಷರು ಯಾರು? ಏರನ್ ಹೆನ್ರಿ. ಔಷಧ ಅಂಗಡಿಯ ಹೆನ್ರಿ. 1965ರಲ್ಲಿ ‘ನೀವು ಯಾರು ಕೇಳೋಕೆ’ ಅನ್ನಿಸಿಕೊಂಡಿದ್ದ ಹೆನ್ರಿ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತೆ. ಆದರೆ ಇತಿಹಾಸ ಸಿನಿಮಾ ಅಲ್ಲ, ‘ಶುಭಂ’ ಅಂತ ಬಂದ ಮೇಲೂ ಓಡ್ತಾನೇ ಇರುತ್ತೆ. ಹೊಸ ಮಾಲೀಕರಲ್ಲೂ ಜಗಳ ಶುರುವಾಯ್ತು. 1980ರ ದಶಕದ ಮಧ್ಯದಲ್ಲಿ ಡಿಲ್ಡೇ ಹೊರಬಿದ್ದರು. ಟೆಕ್ಸಸ್‌ನಿಂದ ಬಂದ ಫ್ರಾಂಕ್ ಮೆಲ್ಟನ್ ಅನ್ನೋ ಕಪ್ಪು ವರ್ಣೀಯ ಟಿವಿ ಉದ್ಯಮಿ ಚುಕ್ಕಾಣಿ ಹಿಡಿದರು. ಅವರ ಸಿವಿಕ್ ಕಮ್ಯುನಿಕೇಷನ್ಸ್ ಕೈಯಲ್ಲಿ ಕೇಂದ್ರ ಶತಮಾನದ ಕೊನೆಯವರೆಗೂ ಇತ್ತು. ಟಿವಿಯಿಂದ ಪರಿಚಿತರಾದ ಮೆಲ್ಟನ್ 2005ರಲ್ಲಿ ಜಾಕ್ಸನ್‌ನ ಮೇಯರೂ ಆದರು.

2000ದಲ್ಲಿ ಸಿವಿಕ್ ತನ್ನ ಕೇಂದ್ರಗಳನ್ನು ಮಾರಿತು. ಕೊಂಡದ್ದು ದಕ್ಷಿಣ ಕ್ಯಾರೊಲೈನಾದ ಲಿಬರ್ಟಿ ಕಾರ್ಪೊರೇಷನ್. ತಮಾಷೆ ನೋಡಿ, ಅದರ ಮೂಲ ಕಸುಬೂ ಜೀವ ವಿಮೆಯೇ. ಅದೇ ವರ್ಷ ವಿಮೆ ವ್ಯವಹಾರ ಮಾರಿ ಪೂರ್ತಿ ಟಿವಿಗೆ ಇಳಿದಿತ್ತು. 2006ರಲ್ಲಿ ಲಿಬರ್ಟಿಯನ್ನು ಅಲಬಾಮಾದ ರೇಕಾಮ್ ನುಂಗಿತು. 2019ರ ಜನವರಿಯಲ್ಲಿ ರೇಕಾಮ್ ಅನ್ನು ಅಟ್ಲಾಂಟಾದ ಗ್ರೇ ಟೆಲಿವಿಷನ್ ನುಂಗಿತು. ಆ ವ್ಯವಹಾರದ ಮೊತ್ತ 350 ಕೋಟಿ ಡಾಲರಿಗೂ ಹೆಚ್ಚು, ಅದರೊಂದಿಗೆ ಗ್ರೇ 90ಕ್ಕೂ ಹೆಚ್ಚು ಊರುಗಳಲ್ಲಿ ಕೇಂದ್ರ ಇರುವ ಕಂಪನಿಯಾಯಿತು. ಒಂದು ಕಾಲಕ್ಕೆ ಕೋರ್ಟು, ಚರ್ಚು, ಚಳವಳಿ ಎಲ್ಲ ಸೇರಿ 15 ವರ್ಷ ಬಡಿದಾಡಿದ ಕೇಂದ್ರ ಈಗ ದೊಡ್ಡ ಪಟ್ಟಿಯೊಂದರ ಒಂದು ಸಾಲು.

ಈ ಎಲ್ಲ ಮಾರಾಟ, ಕಿತ್ತಾಟದ ಉದ್ದಕ್ಕೂ ಬದಲಾಗದೇ ಉಳಿದದ್ದು ಒಂದೇ. ಎನ್‌ಬಿಸಿ. 1953ರಲ್ಲೂ ಎನ್‌ಬಿಸಿ, ಗ್ರೇ ಬಂದಾಗಲೂ ಎನ್‌ಬಿಸಿ. ಮಾರ್ಷಲ್ ಅವರನ್ನು ಕತ್ತರಿಸಿದ ಕೇಂದ್ರಕ್ಕೂ, ಪೀಬಾಡಿ ಗೆದ್ದ ಕೇಂದ್ರಕ್ಕೂ ಅದೇ ನೆಟ್‌ವರ್ಕ್. ಸಂಜೆಯ ಧಾರಾವಾಹಿಗಳು ನ್ಯೂಯಾರ್ಕ್‌ನಿಂದ ಹಾಗೇ ಬರ್ತಾ ಇದ್ದವು. ನಾವು ಟಿವಿ ನೋಡುವಾಗ ನೋಡೋದು ಲೋಗೋ, ನೋಡೋದು ಆಂಕರ್ ಮುಖ. ಜಾಕ್ಸನ್ ಜನರ ಬದುಕಿಗೆ ತಟ್ಟಿದ ಬದಲಾವಣೆಗಳೆಲ್ಲ ನಡೆದದ್ದು ಪರದೆ ಮೇಲೆ ಕಾಣದ ಒಂದು ಕಾಗದದಲ್ಲಿ, ಲೈಸೆನ್ಸ್ ಯಾರ ಹೆಸರಲ್ಲಿದೆ ಅನ್ನೋ ಕಾಗದದಲ್ಲಿ.

ವೀಕ್ಷಕರು ಗೆದ್ದುಕೊಂಡ ಆಯುಧವೂ ಕಾಲಕ್ರಮೇಣ ಮೊಂಡಾಯ್ತು. ಮೂರು ವರ್ಷಕ್ಕೊಮ್ಮೆ ಆಗಬೇಕಿದ್ದ ನವೀಕರಣ 1981ರಲ್ಲಿ ಐದು ವರ್ಷವಾಯ್ತು, 1996ರಲ್ಲಿ ಎಂಟು ವರ್ಷವಾಯ್ತು. ವಿವಾದದ ವಿಷಯದಲ್ಲಿ ಎರಡೂ ಕಡೆಗೆ ಜಾಗ ಕೊಡಲೇಬೇಕು ಅನ್ನೋ ನಿಯಮವನ್ನು 1987ರಲ್ಲಿ ಎಫ್‌ಸಿಸಿಯೇ ಕೈಬಿಟ್ಟಿತು. ಸರ್ಕಾರ ಸುದ್ದಿಮನೆಯೊಳಗೆ ಕೈ ಹಾಕಬಾರದು ಅನ್ನೋ ವಾದದಲ್ಲಿ ತಥ್ಯ ಇಲ್ಲ ಅನ್ನೋಕಾಗಲ್ಲ. ಲೈಸೆನ್ಸ್ ಅನ್ನೋ ಚಾವಟಿ ಒಳ್ಳೆಯವರ ಕೈಲೂ ಇರಬಹುದು, ಸೇಡಿನವರ ಕೈಲೂ ಇರಬಹುದು. ಜಾಕ್ಸನ್‌ನಲ್ಲಿ ಆ ಚಾವಟಿ ಎತ್ತಿದವರು ಮಂತ್ರಿಗಳಲ್ಲ, ಊರಿನ ಜನ, ಅದೂ ದಾಖಲೆ ಹಿಡಿದು, ಕೋರ್ಟ್‌ನಲ್ಲಿ. ಸರ್ಕಾರಿ ಸಂಸ್ಥೆ ಎಫ್‌ಸಿಸಿ ಕೊನೆಯವರೆಗೂ ಮಾಲೀಕರ ಪಕ್ಕ ನಿಂತಿತ್ತು ಅನ್ನೋದನ್ನು ಮರೀಬೇಡಿ.

ಇದೆಲ್ಲ ನಮಗ್ಯಾಕೆ ಅಂತ ಕೇಳ್ತೀರಾ? ನಮ್ಮ ಸುಪ್ರೀಂ ಕೋರ್ಟ್ ಕೂಡ ಇದೇ ಪ್ರಶ್ನೆಗೆ ಬಂದು ನಿಂತಿತ್ತು. 1993ರಲ್ಲಿ ಹೀರೋ ಕಪ್ ಕ್ರಿಕೆಟ್ ಪ್ರಸಾರದ ಹಕ್ಕು ಯಾರದ್ದು ಅಂತ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ಜಟಾಪಟಿ ಆಯ್ತು. 1995ರ ಫೆಬ್ರವರಿ 9ರಂದು ಬಂದ ತೀರ್ಪು, ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತು ಅಂತ ಸ್ಪಷ್ಟವಾಗಿ ಹೇಳಿತು. ಸರ್ಕಾರದ ಏಕಸ್ವಾಮ್ಯವೂ ಸಲ್ಲದು, ದುಡ್ಡಿದ್ದವರ ಏಕಸ್ವಾಮ್ಯವೂ ಸಲ್ಲದು. ನಾನು ಓದೋ ಸುದ್ದಿ, ನೀವು ನೋಡೋ ಸುದ್ದಿ, ಇವೆರಡರ ಮಧ್ಯೆ ಇರೋ ಗಾಳಿ ನಿಮ್ಮದು.

ಆದರೆ ನಮ್ಮಲ್ಲಿ ಚಾನೆಲ್‌ಗೆ ಅನುಮತಿ ಸಿಗೋದು ಹತ್ತು ವರ್ಷಕ್ಕೆ, ದೆಹಲಿಯ ಸಚಿವಾಲಯದಿಂದ. ಒಂದು ಕಾರ್ಯಕ್ರಮದ ಬಗ್ಗೆ ದೂರು ಕೊಡೋಕೆ ದಾರಿ ಇದೆ. ಮೊದಲು ಚಾನೆಲ್‌ಗೆ, ಆಮೇಲೆ ಚಾನೆಲ್‌ಗಳೇ ಮಾಡಿಕೊಂಡ ಸ್ವಯಂ ನಿಯಂತ್ರಣ ಮಂಡಳಿಗೆ, ಆಮೇಲೆ ಸರ್ಕಾರಕ್ಕೆ. ಹತ್ತು ವರ್ಷದ ಅನುಮತಿ ನವೀಕರಣಕ್ಕೆ ಬಂದಾಗ ಈ ಚಾನೆಲ್ ನಿಮ್ಮೂರಿನ ಬಗ್ಗೆ ಏನು ತೋರಿಸಿತು, ಯಾರನ್ನು ತೋರಿಸಲೇ ಇಲ್ಲ ಅಂತ ವೀಕ್ಷಕರನ್ನು ಕೂರಿಸಿ ಕೇಳುವ ಪದ್ಧತಿ ಮಾತ್ರ ಇಲ್ಲ. ನಮ್ಮನ್ನು ಅಳೆಯೋ ಮೀಟರ್ ಒಂದಿದೆ, ಟಿಆರ್‌ಪಿ. ನೀವು ಎಷ್ಟು ಹೊತ್ತು ನೋಡಿದಿರಿ ಅನ್ನೋದನ್ನು ಅದು ಹೇಳುತ್ತೆ. ನೋಡಿದ ಮೇಲೆ ನಿಮಗೆ ಏನನ್ನಿಸಿತು ಅನ್ನೋದನ್ನು ಅದು ಕೇಳೋದಿಲ್ಲ.

ನಾನೂ ಮಾಲೀಕರು ಕೊಡೋ ಸಂಬಳದಲ್ಲಿ ಬದುಕೋ ಆಂಕರ್. ಕ್ಯಾಮೆರಾ ಮುಂದೆ ಕೂತು ಇದನ್ನು ಹೇಳೋದು ಸುಲಭದ ಮಾತಲ್ಲ ಅಂತ ನಿಮಗೂ ಗೊತ್ತು. ಅದಕ್ಕೇ ನನ್ನ ಮಾತನ್ನು ನಂಬಿ ಅಂತ ಕೇಳ್ತಿಲ್ಲ. ಆ ಮಾರ್ಚ್ ವಾರದಲ್ಲಿ ಜಾಕ್ಸನ್‌ನ ಹೆಸರಿಲ್ಲದ ಆ ಜನ ಮಾಡಿದ್ದನ್ನು ಒಂದು ಸಲ ಮಾಡಿ ನೋಡಿ. ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಒಂದು ವಾರ, ನೀವು ದಿನವೂ ನೋಡೋ ಚಾನೆಲ್ ಮುಂದೆ ಕೂತು ಬರೆಯಿರಿ. ಯಾವ ವಿಷಯಕ್ಕೆ ಎಷ್ಟು ನಿಮಿಷ ಕೊಟ್ಟರು? ಚರ್ಚೆಯಲ್ಲಿ ಕೂತವರು ಯಾರು, ಯಾವ ಜಿಲ್ಲೆಯವರು, ಹೆಂಗಸರೆಷ್ಟು? ಮೈಕ್ ಯಾರ ಬಾಯಿಂದ ಕಿತ್ತುಕೊಂಡರು? ಯಾರನ್ನು ಬಹುವಚನದಲ್ಲಿ ಮಾತಾಡಿಸಿದರು, ಯಾರನ್ನು ಏಕವಚನದಲ್ಲಿ? ಕೊನೆಗೆ ಆ ಚಾನೆಲ್‌ನ ಕಂಪನಿ ಯಾವುದು ಅಂತ ಹುಡುಕಿ, ಅದನ್ನೂ ಕೆಳಗೆ ಬರೆಯಿರಿ.

ರಾತ್ರಿ ನನ್ನ ಕಾರ್ಯಕ್ರಮ ಬರುತ್ತಲ್ಲ, ಅದನ್ನು ಬಿಡಬೇಡಿ. ಅದಕ್ಕೂ ಒಂದು ಪುಟ ಇರಲಿ.